ಸಂಶೋಧನೆಗೆ ಹೋದ ಓಬಳೇಶ

ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಸಣ್ಣೀರಮ್ಮನಿಗೆ ಒಬ್ಬನೇ ಮಗ. ಹೆಸರು ಓಬಳೇಶ. ಆಳು ಎತ್ತರ, ಮೈಕಟ್ಟು ಗಟ್ಟಿ. ಹೇಳಿದ ಕೆಲಸಕ್ಕೆ ಯಾವತ್ತೂ ಇಲ್ಲ ಅಂದವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡಿಬಿಡುತ್ತಿದ್ದ.

ಬಟ್ಟೆ ಅಂಗಡಿಯವರು ಕೆಲಸಕ್ಕಿಟ್ಟುಕೊಂಡು, ಬಂದ ಗಿರಾಕೀನ ಮಾತ್ರ ಕೈ ಬಿಡಬೇಡ ಅಂದರು. ಪಂಚೆ ಕೊಳ್ಳೋಕೆ ಒಬ್ಬರು ಮುದುಕರು ಬಂದರು. ಓಬಳೇಶ ಅವರ ಕೈ ಹಿಡಿದ. ಪಂಚೆ ಬೇಡ ಅಂದರೂ ಬಿಡಲಿಲ್ಲ. ಅವರು ರಸ್ತೆಗೆ ಇಳಿದರು, ಇವನೂ ಇಳಿದ. ಅವರು ಬಸ್ಸು ಹತ್ತಿದರು, ಇವನೂ ಹತ್ತಿದ. ಪಾವಗಡದಲ್ಲಿ ಅವರ ಮನೆಮಂದಿಯೆಲ್ಲ ಸೇರಿ ಕೈ ಬಿಡಿಸಿದ ಮೇಲೆ ವಾಪಸ್ಸು ಬಂದ. ಅಷ್ಟರಲ್ಲಿ ಕೆಲಸ ಹೋಗಿತ್ತು.

ಸಣ್ಣೀರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಾನಿರೋಗಂಟ ಕಡಲೆಕಾಯಿ ಬೇಯ್ಸಿ ಹಾಕ್ತೀನಿ ಕಣ್ಲಾ, ಆಮೇಲೆ ಏನ್ ಮಾಡ್ತೀಯ?" ಅಂದಳು.

ಓಬಳೇಶ ಯೋಚನೆ ಮಾಡಿ, "ಆಮೇಲೆ ಹುರಿದಿದ್ದು ತಿಂತೀನಮ್ಮ" ಅಂದ.

ಹೀಗಿರುವಾಗ ಊರಿಗೆ ಇಂದುಮತಿ ಮೇಡಂ ಬಂದರು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರು. ಇಂಥ ಸಣ್ಣ ಊರುಗಳಲ್ಲಿ ಹರೆಯದ ಹುಡುಗ ಹುಡುಗಿಯರು ಹೆಂಗೆ ಬದುಕ್ತಾರೆ, ಯಾರ ಜೊತೆ ಸೇರ್ತಾರೆ, ಯಾವುದಕ್ಕೆ ಹೆದರ್ತಾರೆ, ಏನು ಆಸೆ ಇಟ್ಕೊಂಡಿದ್ದಾರೆ, ಇದೇ ಅವರ ವಿಷಯ. ಬಂದು ಎಷ್ಟೋ ದಿನವಾಗಿತ್ತು, ಒಬ್ಬರೂ ಮನಸ್ಸು ಬಿಚ್ಚಿರಲಿಲ್ಲ. ಏನು ಕೇಳಿದರೂ ಎಲ್ಲ ಚೆನ್ನಾಗಿದೆ ಮೇಡಂ ಅಂದು ನಕ್ಕು ಹೋಗೋರು. ಊರಿನವನೇ ಒಬ್ಬ ಜೊತೆಗಿದ್ದರೆ ವಾಸಿ ಅಂತ ಕಡಲೆಕಾಯಿ ಕೊಳ್ಳುವಾಗ ಸಣ್ಣೀರಮ್ಮನ ಹತ್ತಿರ ಅಂದರು. ಅವಳು ಮಗನ ಬೆನ್ನು ಹಿಡಿದು ಮುಂದಕ್ಕೆ ತಳ್ಳಿದಳು. ಹೇಳಿದ್ದಷ್ಟನ್ನೂ ಮಾಡ್ತಾನೆ ತಾಯೀ, ಅದಕ್ಕೆ ಹೇಳುವಾಗ ಸ್ವಲ್ಪ ನೋಡ್ಕೊಂಡು ಹೇಳಿ ಅಂದಳು. ಮೇಡಂಗೆ ಆ ಮಾತು ಆಗ ಅರ್ಥವಾಗಲಿಲ್ಲ.

ಮೊದಲ ದಿನ ಮೇಡಂ ಹೇಳಿದರು: "ಬೆಟ್ಟದ ಬುಡದಲ್ಲಿ ಹುಡುಗರು ಕೂತಿರ್ತಾರಲ್ಲ, ಹೋಗಿ ಹೆಂಗಾದರೂ ಅವರ ಬಾಯಿ ಬಿಡಿಸು."

ಓಬಳೇಶ ಹೋದ. ಎಲ್ಲರೂ ಬಾಯಿ ಬಿಡಿ ಅಂದ. ಹಲ್ಲಿನ ಡಾಕ್ಟರ ಕಡೆಯವನಿರಬೇಕು, ಪುಕ್ಕಟೆ ತಪಾಸಣೆ ಅಂದುಕೊಂಡು ಹುಡುಗರು ಸಾಲಾಗಿ ನಿಂತು ಆ ಅಂದರು. ಓಬಳೇಶ ಒಬ್ಬೊಬ್ಬರದೂ ಬಗ್ಗಿ ನೋಡಿಕೊಂಡು ಬಂದ. ಎಲ್ಲರೂ ಬಾಯಿ ಬಿಟ್ಟರು ಮೇಡಂ, ಕೆಂಪು ಅಂಗಿಯವನಿಗೆ ಮಾತ್ರ ದವಡೆ ಹಲ್ಲು ಹುಳುಕು ಅಂತ ವರದಿ ಒಪ್ಪಿಸಿದ.

ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಬಾಯೊಳಗೆ ನೋಡೋದಲ್ಲಪ್ಪ, ಅವರ ಮಾತು ಕೇಳಬೇಕು ಅಂತ ಬೈದರು. ಇನ್ನು ಮೇಲೆ ಹೋದ ಕಡೆ ಪಕ್ಕದಲ್ಲಿ ಕೂತ್ಕೋ, ನೀನು ಒಂದು ಮಾತೂ ಆಡಬೇಡ, ಸುಮ್ಮನೆ ಕೇಳಿಸ್ಕೋ ಅಂದರು.

ಮಾರನೇ ದಿನ ಓಬಳೇಶ ಊರಿನ ಲೈಬ್ರರಿಗೆ ಹೋದ. ಅಲ್ಲಿ ರಂಗಧಾಮ ಅನ್ನೋ ಹುಡುಗ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ. ಓಬಳೇಶ ಅವನ ಪಕ್ಕ ಕೂತ. ಏನು ಬೇಕಣ್ಣ ಅಂದ ರಂಗಧಾಮ. ಇವನು ಉತ್ತರ ಕೊಡಲಿಲ್ಲ. ಯಾರನ್ನ ಹುಡುಕ್ತಿದ್ದೀಯ ಅಂದ. ಅದಕ್ಕೂ ಇಲ್ಲ. ಹುಡುಗ ಪುಟ ತಿರುಗಿಸಿದ, ಕೆಮ್ಮಿದ, ಕಿಟಕಿ ಕಡೆ ನೋಡಿದ. ಓಬಳೇಶ ಅವನ ಮುಖವನ್ನೇ ನೋಡುತ್ತ ಕೂತಿದ್ದ. ಕೊನೆಗೆ ರಂಗಧಾಮನಿಗೆ ತಡೆಯಲಾಗಲಿಲ್ಲ. ಯಾರೂ ಕೇಳದೆ ಇದ್ದದ್ದನ್ನೆಲ್ಲ ತಾನೇ ಹೇಳತೊಡಗಿದ. ರಿಸಲ್ಟ್ ಬಂದಿದೆ, ಈ ಸಲವೂ ಆಗಿಲ್ಲ. ಅಪ್ಪನಿಗೆ ಇನ್ನೂ ರಿಸಲ್ಟ್ ಬಂದಿಲ್ಲ ಅಂತ ಸುಳ್ಳು ಹೇಳಿದ್ದೀನಿ. ಊರಿಗೆ ಹೋಗೋಕೆ ಮುಖವಿಲ್ಲದೆ ಸ್ನೇಹಿತನ ರೂಮಲ್ಲಿ ಮಲಗ್ತಿದ್ದೀನಿ. ಹೇಳುತ್ತ ಹೇಳುತ್ತ ಅತ್ತ. ಅತ್ತ ಮೇಲೆ ಹಗುರವಾಯಿತು ಅಂದ.

ಓಬಳೇಶ ವಾಪಸ್ಸು ಬಂದ. ಏನಂದರು ಅಂತ ಮೇಡಂ ಕೇಳಿದರೆ ಬಾಯಿ ಮುಚ್ಚಿಕೊಂಡು ನಿಂತ. ಊಟದ ಹೋಟೆಲಿನಲ್ಲೂ ಮಾತಿಲ್ಲ. ಕೊನೆಗೆ ಅವರು ರೇಗಿ, ನನ್ನ ಹತ್ರ ಮಾತಾಡಪ್ಪ ಮಾರಾಯ ಅಂದರು. ಅಂದದ್ದೇ ತಡ, ತುಂಬಿದ ಹೋಟೆಲಿನಲ್ಲಿ ದೊಡ್ಡ ದನಿಯಲ್ಲಿ, ರಂಗಧಾಮ ಅಂತ ಮೇಡಂ ಅಂತ ಶುರು ಮಾಡಿದ. ಮೇಡಂ ಬೆಚ್ಚಿಬಿದ್ದು ಅವನನ್ನ ಹೊರಗೆ ಎಳೆದುಕೊಂಡು ಬಂದರು.

"ಹೇಳಿದವರ ಹೆಸರು ಹೊರಗೆ ಬರಬಾರದು ಕಣಪ್ಪ. ನಮ್ಮನ್ನ ನಂಬಿ ಹೇಳಿರ್ತಾರೆ. ಅದಕ್ಕೇ ಹೆಸರು ಬದಲಾಯಿಸಿಬಿಡ್ತೀವಿ. ಇವತ್ತಿನಿಂದ ಅವನು ಮಲ್ಲೇಶ. ರಂಗಧಾಮ ಅನ್ನೋನು ಇನ್ನಿಲ್ಲ, ತಿಳೀತಾ?"

ತಿಳೀತು ಅಂದ ಓಬಳೇಶ.

ಎರಡು ದಿನ ಬಿಟ್ಟು ರಂಗಧಾಮನ ಅಪ್ಪ ಹನುಮಂತರಾಯಪ್ಪ ಹಳ್ಳಿಯಿಂದ ಬಂದರು. ಮಗ ಮನೆಗೆ ಬಂದಿಲ್ಲ, ಫೋನೂ ತೆಗೀತಿಲ್ಲ. ಅವನನ್ನ ಹುಡುಕಿಕೊಂಡು ಲೈಬ್ರರಿ ಹತ್ತಿರ ಬಂದಾಗ ಮೆಟ್ಟಿಲ ಮೇಲೆ ಓಬಳೇಶ ಕೂತಿದ್ದ.

"ಒಳಗೆ ನಮ್ಮ ರಂಗಧಾಮ ಇದ್ದಾನೇನಪ್ಪ?"

"ರಂಗಧಾಮ ಇನ್ನಿಲ್ಲ" ಅಂದ ಓಬಳೇಶ.

ಆ ಮನುಷ್ಯನ ಕೈಯಲ್ಲಿದ್ದ ಬುತ್ತಿ ಚೀಲ ಕೆಳಗೆ ಬಿತ್ತು. ಮೊದಲು ಮೆಟ್ಟಿಲ ಮೇಲೆ ಕುಸಿದರು, ಆಮೇಲೆ ದನಿ ಬಂತು. ಅಯ್ಯೋ ಮಗನೇ ಅಂತ ಎದೆ ಬಡಿದುಕೊಂಡು ಅತ್ತದ್ದು ಬೀದಿಗೆಲ್ಲ ಕೇಳಿಸಿತು. ಟೀ ಅಂಗಡಿಯವರು ಓಡಿ ಬಂದರು. ಒಳಗೆ ಓದುತ್ತಿದ್ದವರೂ ಎದ್ದು ಬಂದರು. ಅವರಲ್ಲಿ ರಂಗಧಾಮನೂ ಇದ್ದ.

ಅಪ್ಪ ತಲೆ ಎತ್ತಿ ನೋಡಿದರು. ಅವನ ಮುಖ ಮುಟ್ಟಿದರು, ತೋಳು ಮುಟ್ಟಿದರು, ಮತ್ತೆ ಮುಖ ಮುಟ್ಟಿದರು. ರಂಗಧಾಮ ಬೇರೇನೂ ತೋಚದೆ, ನಾನು ಪಾಸಾಗಲಿಲ್ಲಪ್ಪ ಅಂತ ಒದರಿಬಿಟ್ಟ.

"ಪಾಸು ಸುಡುಗಾಡು ಹಾಳಾಗಲಿ. ನೀನಿದ್ದೀಯಲ್ಲ" ಅಂದರು ಅಪ್ಪ. ಇಬ್ಬರೂ ಮೆಟ್ಟಿಲ ಮೇಲೇ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಮಗ ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಅನ್ನೋದು ಅವನು ತಿನ್ನೋದು ನೋಡಿಯೇ ಅಪ್ಪನಿಗೆ ಗೊತ್ತಾಯಿತು. ತಿಂದು ಮುಗಿದ ಮೇಲೆ ಹನುಮಂತರಾಯಪ್ಪ ಎದ್ದು ಹೋಗಿ ಓಬಳೇಶನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಒಂದು ರೊಟ್ಟಿಯನ್ನೂ ಕೊಟ್ಟರು.

ಸುದ್ದಿ ಕೇಳಿ ಮೇಡಂ ಓಬಳೇಶನನ್ನ ಕರೆಸಿದರು. ಆ ಮುದುಕರ ಎದೆ ಒಡೆದುಹೋಗಿದ್ದರೆ ಏನು ಗತಿ ಅಂತ ಓಬಳೇಶನಿಗೆ ಬಾಯಿಗೆ ಬಂದ ಹಾಗೆ ಬೈದರು, ಆಮೇಲೆ ಹಂಗೆ ಹೇಳಿದ ತಮ್ಮ ಬಾಯಿಗೂ ಬೈದುಕೊಂಡರು. ಸಾಕು, ನಾಳೆಯಿಂದ ಬರಬೇಡ ಅಂದರು. ಸಣ್ಣೀರಮ್ಮ ಓಡಿ ಬಂದು ಕೈ ಮುಗಿದಳು. ಇದೊಂದು ಸಲ ನೋಡಿ ತಾಯೀ ಅಂದಳು. ಮೇಡಂ ಕರಗಿದರು. ಬರೀ ಹುಡುಗರ ಹಿಂದೆಯೇ ಸುತ್ತಿದ್ದಾಯಿತು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರನ್ನೂ ಕಾಣಬೇಕು ಅಂದರು. ಹುಡುಗ ಹುಡುಗಿ ಅಂತ ಭೇದ ಮಾಡದೆ ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡು ಅಂದರು.

ಸಂಜೆ ಗಾರ್ಮೆಂಟ್ಸ್ ಗೇಟಿನ ಮುಂದೆ ಓಬಳೇಶ ಎಡಗಣ್ಣು ಮುಚ್ಚಿಕೊಂಡು ನಿಂತ. ಹೊರಗೆ ಬಂದ ಒಬ್ಬೊಬ್ಬ ಹುಡುಗಿಯನ್ನೂ ಬಲಗಣ್ಣಲ್ಲೇ ನೋಡಿದ. ರೆಪ್ಪೆ ಸೋತಾಗ ಒಂದು ಸಲ ಬಿಟ್ಟು ಮತ್ತೆ ಮುಚ್ಚುತ್ತಿದ್ದ. ಕಣ್ಣು ಹೊಡೀತಿದ್ದಾನೆ ಕಣ್ರೇ ಅಂತ ಯಾರೋ ಅಂದರು. ಚಪ್ಪಲಿಗಳು ಕೈಗೆ ಬಂದವು. ಚಂದ್ರಕಲಾ ಅನ್ನೋ ಹುಡುಗಿ ಎಲ್ಲರಿಗಿಂತ ಮುಂದೆ ಬಂದು, ಏನದು ನಿನ್ನ ಕಣ್ಣು ಅಂತ ಕೇಳಿದಳು. ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡಬೇಕಂತೆ ಅಕ್ಕ, ಎರಡನೇದು ಯಾವಾಗ ಬಿಡಬೇಕು ಅಂತ ಮೇಡಂ ಹೇಳಿಲ್ಲ ಅಂದ ಓಬಳೇಶ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಚಂದ್ರಕಲಾ ಅಲ್ಲೇ ಕೂತು ನಕ್ಕಳು. ಮಿಕ್ಕವರೂ ನಕ್ಕರು. ಇಂಥವನನ್ನ ಕೆಲಸಕ್ಕಿಟ್ಟುಕೊಂಡ ಮೇಡಂನ ನೋಡಲೇಬೇಕು ಅಂತ ಎಲ್ಲರೂ ಅವನ ಹಿಂದೆಯೇ ಬಂದರು. ಅವತ್ತು ಮೇಡಂ ರೂಮಿನ ಚಾಪೆ ಸಾಲಲಿಲ್ಲ. ಟೀ ಎರಡು ಸಲ ಕಾಯಿಸಬೇಕಾಯಿತು. ಅವರು ಕೇಳಿದರು, ಹುಡುಗಿಯರು ಹೇಳಿದರು. ಓಬಳೇಶನಿಗೆ ಲೋಟ ತೊಳೆಯೋದೊಂದೇ ಕೆಲಸ. ಅದನ್ನು ಚೆನ್ನಾಗಿ ಮಾಡಿದ.

ಆದರೆ ವಿಶ್ವವಿದ್ಯಾಲಯದಲ್ಲಿ ಪದ್ಮರಾಜಯ್ಯ ಅನ್ನೋ ದೊಡ್ಡ ಪ್ರೊಫೆಸರು ಇದ್ದರು. ಈಗಿನ ಹುಡುಗರಿಗೆ ಫೋನು ಬಿಟ್ಟರೆ ಬೇರೆ ಬದುಕೇ ಇಲ್ಲ, ಈ ಸಂಶೋಧನೆ ನಿಲ್ಲಿಸೋದೇ ವಾಸಿ ಅಂದಿದ್ದರು. ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ ಅಂತ ಬಂದರು. ಲೈಬ್ರರಿ ಮೇಲಿನ ಹಾಲಿನಲ್ಲಿ ಹುಡುಗ ಹುಡುಗಿಯರು ಸೇರಿದರು. ಮೇಡಂಗೆ ಬೆವರು. ಓಬಳೇಶನ ಕಿವಿಯಲ್ಲಿ, "ಇವತ್ತು ನಮ್ಮ ಹುಡುಗರನ್ನ ನಾವೇ ಎತ್ತಿ ಹಿಡೀಬೇಕು ಕಣಪ್ಪ" ಅಂದರು. ಅಂದ ಮೇಲೆ ಯಾಕಾದರೂ ಅಂದೆನೋ ಅನ್ನಿಸಿತು. ಅಷ್ಟರಲ್ಲಿ ಪ್ರೊಫೆಸರು ಬಂದು ಕೂತಿದ್ದರು.

ರಂಗಧಾಮ ಮಾತಾಡೋಕೆ ಎದ್ದ. ದನಿ ಹೊರಡಲಿಲ್ಲ. ಓಬಳೇಶ ಹಿಂದಿನಿಂದ ಬಂದು ಅವನ ಸೊಂಟ ಹಿಡಿದು ಒಂದೇ ಸಲಕ್ಕೆ ಮೇಲಕ್ಕೆತ್ತಿದ. ಹುಡುಗನ ತಲೆ ಫ್ಯಾನಿಗೆ ತಾಗುವಷ್ಟು ಮೇಲೆ ಹೋಯಿತು. ಯಾರೋ ಓಡಿಹೋಗಿ ಫ್ಯಾನು ಆರಿಸಿದರು.

"ಯಾಕಪ್ಪ ಅವನನ್ನ ಎತ್ಕೊಂಡಿದ್ದೀಯ?" ಅಂದರು ಪ್ರೊಫೆಸರು.

"ಎತ್ತಿ ಹಿಡೀಬೇಕಂತೆ ಸಾರ್. ನೀವು ಕೇಳ್ಕೊಳ್ಳಿ, ನಂಗೆ ಭಾರ ಇಲ್ಲ."

ಇಡೀ ಹಾಲು ನಗೆಯಲ್ಲಿ ತೇಲಿತು. ಮೇಲೆ ಇದ್ದ ರಂಗಧಾಮನೂ ನಕ್ಕ. ನಕ್ಕ ಮೇಲೆ ದನಿ ತಾನಾಗಿ ಬಂತು. ಪರೀಕ್ಷೆ ಫೇಲಾದದ್ದನ್ನ ಮನೆಯಲ್ಲಿ ಹೇಳಲಾರದೆ ಒದ್ದಾಡೋದು ಏನು ಅಂತ ಮೇಲಿನಿಂದಲೇ ಹೇಳಿದ. ಅವನನ್ನ ಇಳಿಸಿ ಓಬಳೇಶ ಚಂದ್ರಕಲಾ ಕಡೆ ತಿರುಗಿದ. ಅವಳು ಬೆರಳು ತೋರಿಸಿ ಅವನನ್ನ ಅಲ್ಲೇ ನಿಲ್ಲಿಸಿ, ತಾನೇ ಬೆಂಚು ಹತ್ತಿ ನಿಂತಳು. ಹುಡುಗರಿಗೆ ಬೆಟ್ಟದ ಬುಡವಿದೆ, ಟೀ ಅಂಗಡಿ ಇದೆ, ನಾವು ಗೆಳತಿಯರು ಕೂತು ಮಾತಾಡೋಕೆ ಬಸ್ಸಿನ ಸೀಟು ಬಿಟ್ಟರೆ ಈ ಊರಲ್ಲಿ ಜಾಗ ಎಲ್ಲಿದೆ ಸಾರ್ ಅಂದಳು.

ಪ್ರೊಫೆಸರು ಜೇಬಿನಿಂದ ಪೆನ್ನು ತೆಗೆದು ಅವಳ ಮಾತನ್ನ ಬರೆದುಕೊಂಡರು. ಸಂಶೋಧನೆ ನಿಲ್ಲೋದು ಬೇಡ, ಮುಂದೆ ಶಿರಾದಲ್ಲೂ ಮಾಡಿ ಅಂದರು. ಭಾನುವಾರ ಆ ಹಾಲು ಹುಡುಗಿಯರಿಗೆ ಬಿಡಬೇಕು ಅಂತ ಲೈಬ್ರರಿಯವರನ್ನ ತಾವೇ ಕೇಳಿ ಒಪ್ಪಿಸಿದರು. ಹೊರಡುವಾಗ ಓಬಳೇಶನ ಭುಜ ತಟ್ಟಿ, ನೀನು ಸೋಮವಾರ ಶಿರಾದಲ್ಲಿ ಕಾಲಿಡು ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂದರು.

ಸೋಮವಾರ ಬೆಳಿಗ್ಗೆ ಸಣ್ಣೀರಮ್ಮ ಮಗನಿಗೆ ಹೊಸ ಅಂಗಿ ಹಾಕಿ ಬಸ್ಸು ಹತ್ತಿಸಿದಳು. ಮಧ್ಯಾಹ್ನ ನೋಡಿದರೆ ಮಗ ಕಡಲೆಕಾಯಿ ಬುಟ್ಟಿಯ ಮುಂದೆ ನಿಂತಿದ್ದ.

"ಯಾಕ್ಲಾ ಬಂದೆ?"

"ಕೆಲಸ ಆಯ್ತಮ್ಮ. ಶಿರಾದಲ್ಲಿ ಚಪ್ಪಲಿ ಬಿಟ್ಟು ಕೆಳಗೆ ಒಂದು ಕಾಲಿಟ್ಟೆ. ಅದೇ ಬಸ್ಸಲ್ಲಿ ವಾಪಸ್ಸು ಬಂದೆ. ಮಿಕ್ಕಿದ್ದು ಅವರು ನೋಡ್ಕೋತಾರಂತೆ."

ಸಣ್ಣೀರಮ್ಮನಿಗೆ ಅಳು ಬರಬೇಕಿತ್ತು, ನಗು ಬಂತು. ಅವನ ಜೇಬಿಗೆ ಒಂದು ಪೊಟ್ಟಣ ಕಡಲೆಕಾಯಿ ತುರುಕಿ, ಮುಂದಿನ ಬಸ್ಸಿಗೆ ಹತ್ತಿಸಿ, "ಈ ಸಲ ಎರಡೂ ಕಾಲಿಡು ಮಗ" ಅಂದಳು.

ಶಿರಾ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗ ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದರು. ಮಧುಗಿರಿ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಹೊಸ ಅಂಗಿಯ ಒಬ್ಬ ಎತ್ತರದ ಆಳು ಎರಡೂ ಕಾಲು ಜೋಡಿಸಿ, ಉಸಿರು ಬಿಗಿಹಿಡಿದು, ಕಪ್ಪೆಯ ಹಾಗೆ ಒಂದೇ ಸಲಕ್ಕೆ ನೆಲಕ್ಕೆ ನೆಗೆದ. ಜೇಬಿನ ಕಡಲೆಕಾಯಿ ಸುತ್ತಲೂ ಚೆಲ್ಲಿತು. ಹುಡುಗರೆಲ್ಲ ನಗುತ್ತ ಆರಿಸಿಕೊಡೋಕೆ ಬಗ್ಗಿದರು, ಯಾರಣ್ಣ ನೀನು, ಎಲ್ಲಿಂದ ಬಂದೆ ಅಂತ ಮಾತಿಗೆಳೆದರು. ಇವನು ಮಾತ್ರ ಜೋಡಿಸಿದ ಕಾಲು ಬಿಡಿಸದೆ, ಬಿದ್ದ ಜಾಗದಲ್ಲೇ ನೆಟ್ಟಗೆ ನಿಂತಿದ್ದ. ಇಟ್ಟ ಕಾಲನ್ನ ಎತ್ತು ಅಂತ ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.