ಎಳೆದು ನೋಡದ ಆಕ್ಸಲ್

ಹೊಳೆದಂಡೆಯ ಮಠಕ್ಕೆ ಒಂದು ಹಳೆಯ ಕಾರಿತ್ತು. ತಿರುವು ಬಂದರೆ ಅದರ ಮುಂದಿನ ಗಾಲಿ ಕಟಕಟ ಎನ್ನುತ್ತಿತ್ತು. ಗಾಲಿಯನ್ನು ತಿರುಗಿಸುವ ಆಕ್ಸಲ್ ಸವೆದು ಹೋಗಿತ್ತು.

ಅದನ್ನು ಬದಲಿಸಲು ಕೂತವನು ಶಿಷ್ಯ ಚನ್ನವೀರ. ಮರುದಿನ ಅವನಿಗೆ ದೀಕ್ಷೆ. ಬೆಳಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಊರಲ್ಲಿ ಹಾಸಿಗೆ ಹಿಡಿದಿದ್ದ ಅವನ ಅವ್ವ ಹಿಂದಿನ ವಾರ ಮಠಕ್ಕೆ ಹೇಳಿಕಳಿಸಿದ್ದಳು: “ಕಾವಿ ಉಡೂಕಿಂತ ಮೊದಲ ಒಮ್ಮೆ ಮುಖಾ ತೋರಿಸಿ ಹೋಗಪಾ.” ಮಠದಲ್ಲಿ ಕೆಲಸವಿದೆ ಎಂದು ಚನ್ನವೀರ ಹೋಗಿರಲಿಲ್ಲ. ಅಂಥ ಕೆಲಸವೇನೂ ಇರಲಿಲ್ಲ.

ಗಾಲಿ ಬಿಚ್ಚಿದ. ಹಳೆಯ ಆಕ್ಸಲ್ಲನ್ನು ಸಲಾಕೆಯಿಂದ ಮೀಟಿ ಕಿತ್ತ. ಹೊಸದನ್ನು ಗೇರ್‌ಬಾಕ್ಸಿಗೆ ತೂರಿಸಿ ದಬ್ಬಿದ. ಅದರ ತುದಿಯಲ್ಲಿರುವ ತಂತಿಯ ಬಳೆ ಒಳಗೆ ಹೋಗಿ ಟಕ್ಕನೆ ಕಚ್ಚಿಕೊಳ್ಳಬೇಕು; ಇಲ್ಲದಿದ್ದರೆ ಓಡುವಾಗ ಆಕ್ಸಲ್ ಕಳಚಿ ಕಾರು ನಡುದಾರಿಯಲ್ಲಿ ಕೈಕೊಡುತ್ತದೆ. ಟಕ್ ಎಂದದ್ದು ಅದೋ, ಹೊಳೆಯಲ್ಲಿ ಯಾರೋ ಬಟ್ಟೆ ಒಗೆದದ್ದೋ, ಅವನಿಗೇ ತಿಳಿಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನೊಂದು ತುದಿಯನ್ನು ಜೋಡಿಸಲು ಹೊರಟೇಬಿಟ್ಟ.

ಮಠದ ಗುರುಗಳಾದ ಅಜ್ಜನವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಕಚ್ಚೇತೇನೋ?”

“ಕಚ್ಚೇತ್ರಿ ಅಜ್ಜಾರ.”

“ಎಳದು ನೋಡಿದೇನು?”

“ಅದೇನ ಬೇಕಾಗೇತ್ರಿ? ಗಟ್ಟಿ ಐತಿ.”

ಅಜ್ಜನವರು ಆಕ್ಸಲ್ಲಿನ ಬುಡಕ್ಕೆ ಕೈ ಹಾಕಿ ಮೆಲ್ಲಗೆ ಎಳೆದರು. ಅದು ಸಲೀಸಾಗಿ ಕೈಗೆ ಬಂತು. ಒಳಗೆ ಉಳಿದಿದ್ದ ಎಣ್ಣೆ ಅವರ ಕಾವಿಯ ಮೇಲೆ ಸುರಿಯಿತು.

“ಯಾಕ ಎಳದು ನೋಡಲಿಲ್ಲ?”

ಚನ್ನವೀರನಿಗೆ ನಾಚಿಕೆಯಾಯಿತು. “ಎಳದ್ರ ಬಂದಬಿಟ್ಟೀತು ಅಂತ ಅಂಜಿಕಿ ಆತ್ರಿ.”

ಅಜ್ಜನವರು ನಕ್ಕರು. ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವನು ಮತ್ತೆ ದಬ್ಬಿದ. ಈ ಸಲ ಟಕ್ ಎಂದದ್ದು ಇಬ್ಬರಿಗೂ ಕೇಳಿಸಿತು. ಎರಡೂ ಕೈಯಿಂದ ಎಳೆದ. ಅದು ಜಪ್ಪಯ್ಯ ಎಂದರೂ ಬರಲಿಲ್ಲ.

ಉಳಿದದ್ದನ್ನೆಲ್ಲ ಜೋಡಿಸಿ, ಹೊಸ ಎಣ್ಣೆ ತುಂಬಿ, ಚನ್ನವೀರ ಕೈ ಒರೆಸಿಕೊಂಡ.

“ನಾಳಿಗೆ ಎಲ್ಲಾ ತಯಾರ ಐತ್ರಿ ಅಜ್ಜಾರ. ನನಗ ಈಗ ಯಾವ ಮೋಹಾನೂ ಉಳದಿಲ್ರಿ.”

“ಹೌದಾ? ಅವ್ವನ ಕಡೆ ಯಾಕ ಹೋಗಲಿಲ್ಲ?”

ಚನ್ನವೀರ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ.

ಅಜ್ಜನವರು ಸೊಂಟದಿಂದ ಕಾರಿನ ಕೀಲಿಕೈ ತೆಗೆದು ಅವನ ಮುಂದೆ ಹಿಡಿದರು.

“ನಾಳೆ ದೀಕ್ಷಾ ಇಲ್ಲ. ಊರಿಗೆ ಹೋಗು. ಅಕಿ ಒಮ್ಮೆ ಎಳೀಲಿ.”

ಈ ಎಳೆತಕ್ಕೆ ಅಂಜಿಯೇ ಅಲ್ಲವೇ ಅವನು ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದ್ದು.

“ಅಜ್ಜಾರ... ಹೋದ ಮ್ಯಾಲ ನಾ ತಿರುಗಿ ಬರದಿದ್ರ?”

ಅಜ್ಜನವರು ಕಾವಿಯ ಮೇಲಿನ ಕಲೆಯನ್ನು ಒಮ್ಮೆ ನೋಡಿಕೊಂಡರು.

“ಇವತ್ತ ಕಳಚಿದ್ರ ಬರೇ ಎಣ್ಣಿ ಚೆಲ್ಲತೈತಿ, ತಮ್ಮಾ.”