ಹುಬ್ಬು ಹೇಳಿದ ದೀಪ

"ನೀನು ಬಹಳ ನಿಧಾನ ಕಣಯ್ಯ. ಇವತ್ತು ಅಳೆದೇ ಬಿಡ್ತೀನಿ. ಸೋತರೆ ನಾಳೆಯಿಂದ ಉಗ್ರಾಣಕ್ಕೆ ಹೋಗು," ಎಂದರು ಮನಶ್ಶಾಸ್ತ್ರದ ಪ್ರೊಫೆಸರು.

ಅಟೆಂಡರ್ ಮುದ್ದಯ್ಯ ಕೈಯ ವೇಗ ಅಳೆಯುವ ಯಂತ್ರದ ಮುಂದೆ ಕೂತ. ಕೆಂಪು ದೀಪ ಹತ್ತಿದರೆ ಎಡಗೈ ಗುಂಡಿ, ಹಸಿರು ಹತ್ತಿದರೆ ಬಲಗೈ ಗುಂಡಿ ಒತ್ತಬೇಕು. ದೀಪ ಹಾಕುವವರು ಎದುರಿಗೆ ಕೂತ ಪ್ರೊಫೆಸರೇ.

ಮೂವತ್ತು ಸಲ ದೀಪ ಹತ್ತಿತು. ಒಂದೂ ತಪ್ಪಲಿಲ್ಲ. ಅಷ್ಟು ಬೇಗ ಯಾವ ವಿದ್ಯಾರ್ಥಿಯೂ ಒತ್ತಿರಲಿಲ್ಲ.

"ಹೇಗಯ್ಯಾ ಇದು?"

"ನಾನು ದೀಪ ನೋಡಲೇ ಇಲ್ಲ ಸಾರ್. ಕೆಂಪು ಹಾಕೋ ಮೊದಲು ನಿಮ್ಮ ಹುಬ್ಬು ಏರುತ್ತೆ. ಹಸಿರಿಗೆ ತುಟಿ ಬಿಗಿಯುತ್ತೆ. ಅಷ್ಟರಲ್ಲಿ ನನ್ನ ಕೈ ತಯಾರು."

"ಸುಳ್ಳು! ನನ್ನ ಮುಖದಲ್ಲಿ ಏನೂ ಗೊತ್ತಾಗಲ್ಲ!"

ಕಾಫಿ ತರಿಸಲು ಪ್ರೊಫೆಸರು ಗಂಟೆಯತ್ತ ಕೈ ಚಾಚಿದರು. ಮುದ್ದಯ್ಯ ಆಗಲೇ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸುತ್ತಿದ್ದ.