ಕಣ್ಣಳತೆಯ ತೂಕ

ಮಕ್ಕಳ ಆಸ್ಪತ್ರೆಗೆ ಮರುದಿನ ತಪಾಸಣೆಯವರು ಬರುವವರಿದ್ದರು. ದೊಡ್ಡ ಡಾಕ್ಟರು ಪಂಚಾಕ್ಷರಯ್ಯನವರು ಬೆಳಗ್ಗೆಯೇ ರೆಕಾರ್ಡ್ ರೂಮಿಗೆ ಬಂದು ಗುಡುಗಿದರು: “ಒಂದು ಕಾಲಂ ಕೂಡ ಖಾಲಿ ಇರಬಾರದು!”

ಗುಮಾಸ್ತೆ ಪುಟ್ಟಗೌರಮ್ಮ ಹೇಳಿದಳು: “ನಲವತ್ತು ಕೂಸುಗಳ ತೂಕ ಬರೆದಿಲ್ಲ ಸಾರ್. ಹಳೇ ಮಷೀನು ಕೆಟ್ಟಿದೆ. ಹೊಸದು ನಿಮ್ಮ ರೂಮಲ್ಲಿದೆ.”

ಹೊಸದನ್ನು ತಪಾಸಣೆಯವರಿಗೆ ತೋರಿಸಲೆಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದರು.

“ಅದನ್ನ ಮುಟ್ಟಬೇಡ. ಕಣ್ಣಲ್ಲಿ ನೋಡಿ ಅಂದಾಜಿಗೆ ಬರಿ.”

“ತೂಕ ನೋಡಿ ಔಷಧಿ ಕೊಡೋದು ಸಾರ್.”

“ಹೇಳಿದಷ್ಟು ಮಾಡು!”

“ಆಗಲಿ ಸಾರ್” ಅಂದ ಪುಟ್ಟಗೌರಮ್ಮ ಮೊದಲು ಸಿಬ್ಬಂದಿಯ ಆರೋಗ್ಯ ಕಾರ್ಡುಗಳನ್ನು ಎತ್ತಿಕೊಂಡಳು; ಅವುಗಳಲ್ಲೂ ತೂಕದ ಕಾಲಂ ಖಾಲಿಯಿತ್ತು. ಮೇಲಿದ್ದದ್ದು ಪಂಚಾಕ್ಷರಯ್ಯನವರದೇ. ಅದನ್ನು ತುಂಬಿ ಸಹಿಗೆ ಕಳಿಸಿದಳು.

ಐದೇ ನಿಮಿಷಕ್ಕೆ ಡಾಕ್ಟರು ಕಾರ್ಡು ಹಿಡಿದು ಓಡಿ ಬಂದರು. “ತೊಂಬತ್ತೆಂಟು ಕೆಜಿನಾ? ನಾನು ಎಪ್ಪತ್ತೆರಡು! ದಿನಾ ವಾಕಿಂಗ್ ಹೋಗ್ತೀನಿ! ಯಾರು ತೂಕ ಮಾಡಿದ್ದು?”

“ಯಾರೂ ಮಾಡಿಲ್ಲ ಸಾರ್. ಕಣ್ಣಲ್ಲಿ ನೋಡಿ ಬರೆದೆ.”

“ಇದು ಶುದ್ಧ ಸುಳ್ಳು!”

“ಹಾಗಂತ ಹೇಳೋಕೆ ನಿಮಗೆ ಬಾಯಿದೆ ಸಾರ್. ಆ ಕೂಸುಗಳಿಗೆ ಇನ್ನೂ ಮಾತು ಬಂದಿಲ್ಲ.”

 ಡಾಕ್ಟರು ತಾವೇ ಹೋಗಿ ಹೊಸ ಮಷೀನಿನ ಪ್ಲಾಸ್ಟಿಕ್ ಹರಿದರು. ತಾಯಂದಿರು ಕೂಸಿನ ಜೊತೆ ಒಮ್ಮೆ, ಕೂಸಿಲ್ಲದೆ ಒಮ್ಮೆ ಮಷೀನು ಹತ್ತಿ ಇಳಿದರು. ಸಂಜೆಯೊಳಗೆ ನಲವತ್ತೂ ಕೂಸುಗಳ ತೂಕ ಪುಸ್ತಕಕ್ಕೆ ಬಂತು.

ಕೊನೆಗೆ ಡಾಕ್ಟರು, ಪುಟ್ಟಗೌರಮ್ಮನ ಬಾಯಿ ಮುಚ್ಚಿಸಲೆಂದು, ಬೂಟು ಬಿಚ್ಚಿ ತಾವೂ ಹತ್ತಿ ನಿಂತರು. ಮಷೀನು ಎಂಬತ್ತೊಂಬತ್ತು ತೋರಿಸಿತು.

ಪುಟ್ಟಗೌರಮ್ಮ ಪೆನ್ನು ತೆಗೆದಳು.

“ಈ ಒಂದು ಕಾಲಂ ಖಾಲಿ ಬಿಡಮ್ಮ” ಅಂದರು ಡಾಕ್ಟರು.